ಕಾಗದದ ಕೀರ್ತಿ ಗಾಜಿಗೆ

ಕೆಮೆಕ್ಸ್ ಇಟ್ಟುಕೊಂಡವರ ಮನೆಯಲ್ಲಿ ಮೊದಲು ಪಾತ್ರೆಯ ವರ್ಣನೆ ಆಗುತ್ತದೆ, ಕಾಫಿ ಆಮೇಲೆ ಬರುತ್ತದೆ. ನಡು ಸಣ್ಣಗಾದ ಗಾಜು, ಅದಕ್ಕೊಂದು ಮರದ ಪಟ್ಟಿ, ಚರ್ಮದ ದಾರ. ಜರ್ಮನಿಯಿಂದ ಅಮೆರಿಕಕ್ಕೆ ಹೋದ ರಸಾಯನಶಾಸ್ತ್ರಜ್ಞ ಪೀಟರ್ ಶ್ಲುಂಬೋಮ್ 1941ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು, ಪ್ರಯೋಗಾಲಯದ ಆಲಿಕೆ ಮತ್ತು ಫ್ಲಾಸ್ಕನ್ನು ಒಂದಾಗಿಸಿದ್ದು, ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸೇರಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಕಥೆಯ ಕೊನೆಗೆ ಸೇರಿಕೊಳ್ಳುವ ಒಂದು ಮಾತಿನ ಬಗ್ಗೆ: ಈ ಗಾಜಿನಿಂದಾಗಿಯೇ ಕಾಫಿ ಇಷ್ಟು ತಿಳಿಯಾಗಿ ಬರುತ್ತದಂತೆ. ಗಾಜು ಕಾಫಿಗೆ ಏನನ್ನೂ ಮಾಡುವುದಿಲ್ಲ. ತಿಳಿಯಾಗಿಸುವುದು ಒಳಗಿನ ಕಾಗದ, ಮತ್ತು ಆ ಕಾಗದ ನಮ್ಮ ಕಾಫಿಗೆ ಹೊಂದುವಂಥದ್ದಲ್ಲ.

ಈ ಮಾತನ್ನು ಬೆಳಗಾವಿಯ ಕ್ಯಾಂಪಿನಲ್ಲಿ ಕೂತು ಹೇಳುವುದಕ್ಕೆ ಒಂದು ಅನುಕೂಲವಿದೆ. ಇದು ಚಹಾದ ಊರು. ಖಾನಾಪುರ ರಸ್ತೆಯ ಉದ್ದಕ್ಕೂ, ಖಾನಾಪುರದ ಬಸ್ ನಿಲ್ದಾಣದವರೆಗೂ, ಕುದಿಯುವುದು ಚಹಾ. ಮೈಸೂರಿನ ಮನೆಗಳಲ್ಲಿ ಡಿಕಾಕ್ಷನ್ ಬಗ್ಗೆ ಇರುವ ಹಟ ಇಲ್ಲಿಯ ಅಡುಗೆಮನೆಗಳಿಗಿಲ್ಲ. ಬೆಂಗಳೂರಿನ ಹೊಸ ಕಾಫಿ ಅಂಗಡಿಗಳ ಮೇಲಿನ ವ್ಯಾಮೋಹವೂ ಇನ್ನೂ ಅಷ್ಟಾಗಿ ಬಂದಿಲ್ಲ. ಎರಡೂ ಪಕ್ಷಕ್ಕೆ ಸಾಲ ಇಲ್ಲದ ನಾಲಿಗೆ ಇಲ್ಲಿ ಸಿಗುತ್ತದೆ.

ಈಗ ಆ ಕಾಗದವನ್ನೇ ನೋಡೋಣ. ಕೆಮೆಕ್ಸಿನ ಕಾಗದ ಸಾಮಾನ್ಯ ಫಿಲ್ಟರ್ ಕಾಗದಕ್ಕಿಂತ ಕಾಲು ಭಾಗದಷ್ಟು ದಪ್ಪ. ಅದನ್ನು ನಾಲ್ಕು ಪದರವಾಗಿ ಮಡಚಿ ಬಿಡಿಸಿದರೆ ಒಂದು ಬದಿಗೆ ಮೂರು ಪದರ, ಇನ್ನೊಂದು ಬದಿಗೆ ಒಂದೇ ಪದರದ ಶಂಕು ಆಗುತ್ತದೆ. ಮೂರು ಪದರದ ಬದಿ ಪಾತ್ರೆಯ ಮೂತಿಯ ಕಡೆಗೇ ಇರಬೇಕು ಎಂದು ಪ್ರತಿಯೊಂದು ಸೂಚನಾ ಪತ್ರವೂ ಹೇಳುತ್ತದೆ, ಯಾಕೆಂದು ಹೇಳುವವರು ಕಡಿಮೆ. ಕಾರಣ ಪಾತ್ರೆಯ ಕೊರತೆಯಲ್ಲಿದೆ. ಇದರ ಒಳಗೋಡೆ ಪೂರ್ತಿ ನುಣುಪು. ಬಿಸಿನೀರು ಬಿದ್ದೊಡನೆ ಕಾಗದ ಗಾಜಿಗೆ ಅಂಟಿಕೊಳ್ಳುತ್ತದೆ. ಕೆಳಗೆ ಕಾಫಿ ಇಳಿಯಬೇಕಾದರೆ ಹೊಟ್ಟೆಯೊಳಗಿನ ಗಾಳಿ ಮೇಲೆ ಬರಬೇಕು, ಅದಕ್ಕಿರುವ ದಾರಿ ಮೂತಿಯ ತೋಡು ಒಂದೇ. ಅಲ್ಲಿ ಒಂದೇ ಪದರ ಕಾಗದವಿದ್ದರೆ ಅದು ನೆನೆದು, ನೀರಿನ ಭಾರಕ್ಕೆ ತೋಡಿನೊಳಗೆ ಜಗ್ಗಿ, ದಾರಿ ಮುಚ್ಚುತ್ತದೆ. ಗಾಳಿ ಕಟ್ಟಿತೆಂದರೆ ಕಾಫಿ ನಿಂತಿತು. ನಾಲ್ಕು, ನಾಲ್ಕೂವರೆ ನಿಮಿಷದಲ್ಲಿ ಇಳಿಯಬೇಕಾದದ್ದು ಏಳೆಂಟು ನಿಮಿಷ ಪುಡಿಯ ಮೇಲೆ ಕೂತು ಕಹಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಜಪಾನಿನ ಹಾರಿಯೋ ಕಂಪನಿಯ ವಿ60 ಈ ತೊಡಕನ್ನು ಗೋಡೆಯಲ್ಲೇ ಬಿಡಿಸಿದೆ: ಒಳಗೆ ಸುರುಳಿಯಾಗಿ ಏರಿದ ಗೀರುಗಳು ಕಾಗದವನ್ನು ಗೋಡೆಯಿಂದ ದೂರ ಹಿಡಿಯುತ್ತವೆ, ಗಾಳಿ ಎಲ್ಲ ಕಡೆಯಿಂದ ಹೋಗುತ್ತದೆ. ಕೆಮೆಕ್ಸ್ ಬಿಡಿಸಲಿಲ್ಲ. ಗಾಜಿನ ಸಮಸ್ಯೆಯನ್ನು ಕಾಗದದ ದಪ್ಪಕ್ಕೆ, ಮಡಿಕೆಗೆ ವಹಿಸಿ ಕೈತೊಳೆದುಕೊಂಡಿತು. ಕಾಗದ ದಪ್ಪವಿರುವುದಕ್ಕೆ ರುಚಿ ಒಂದು ಕಾರಣವಿರಬಹುದು, ಆದರೆ ತೆಳು ಕಾಗದ ಈ ಗೋಡೆಯ ಮೇಲೆ ನಿಲ್ಲುವುದಿಲ್ಲ ಎಂಬುದನ್ನು ಯಾವ ಭಕ್ತರೂ ಹೇಳುವುದಿಲ್ಲ. ಪರೀಕ್ಷೆ ಸುಲಭ. ಕೆಮೆಕ್ಸಿನ ಕಾಗದವನ್ನು ಪಿಂಗಾಣಿಯ ಶಂಕುವಿಗೆ ಹಾಕಿ ಸೋಸಿ. ವಿ60ಯ ತೆಳು ಕಾಗದವನ್ನು ಕೆಮೆಕ್ಸಿನ ಕತ್ತಿಗೆ ಹಾಕಿ, ತೋಡಿಗೊಂದು ಕಡ್ಡಿ ಕೊಟ್ಟು ಸೋಸಿ. ಪುಡಿ ಅದೇ, ನೀರು ಅದೇ. ಹೊಗಳಿಸಿಕೊಂಡ ಆ ತಿಳಿರುಚಿ ಕಾಗದದ ಜೊತೆ ಪಿಂಗಾಣಿಗೆ ಹೋಗುತ್ತದೆ, ಗಾಜಿನಲ್ಲಿ ಉಳಿಯುವುದಿಲ್ಲ.

ಕಾಗದ ಹಿಡಿದಿಟ್ಟುಕೊಳ್ಳುವುದು ಏನನ್ನು? ಕಾಫಿಯ ಎಣ್ಣೆಯನ್ನು, ನುಣ್ಣನೆಯ ಗಸಿಯನ್ನು. ಅದರಲ್ಲಿ ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಕೂಡ ಸಿಕ್ಕಿಬೀಳುತ್ತದೆ, ಆ ಪುಣ್ಯ ಕಾಗದಕ್ಕೆ ಸಲ್ಲಲಿ. ಆದರೆ ಬಾಯಿ ತುಂಬುವ ಗುಣವೂ ಅದರೊಂದಿಗೇ ಹೋಗುತ್ತದೆ. ಕೀನ್ಯಾ, ಇಥಿಯೋಪಿಯಾದ ತೊಳೆದ ಬೀಜಗಳಿಗೆ ಇದು ನಷ್ಟವಲ್ಲ. ಅವುಗಳ ಹಣ್ಣಿನ ಹುಳಿ, ಹೂವಿನ ಘಮ ಎಣ್ಣೆ ಹೋದಮೇಲೆ ಇನ್ನೂ ನಿಚ್ಚಳವಾಗುತ್ತವೆ. ನಮ್ಮಲ್ಲಿ ಹೆಚ್ಚು ಬೆಳೆಯುವ ಅರೇಬಿಕಾ ತಳಿಗಳಲ್ಲೊಂದು ಎಸ್.795, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು, ಕೆಂಟ್ ತಳಿಯ ಜೊತೆಗೆ ಲಿಬೆರಿಕಾದ ರಕ್ತವೂ ಇರುವಂಥದ್ದು. ಬಾಬಾಬುಡನ್‌ಗಿರಿಯ ನೆರಳಿನಲ್ಲಿ, ಮೆಣಸಿನ ಬಳ್ಳಿ ಹಬ್ಬಿದ ಮರಗಳ ಕೆಳಗೆ ಬೆಳೆದ ಆ ಬೀಜಕ್ಕೆ ಹುಳಿ ಮೆದು, ಮೈ ತುಂಬು, ಕೊನೆಗೆ ಮಸಾಲೆಯ ಸಣ್ಣ ಎಳೆ. ಅದರ ಗುಣವೆಲ್ಲ ಇರುವುದು ಆ ಮೈಯಲ್ಲಿ. ಕೆಮೆಕ್ಸ್ ಕಾಗದ ಮೊದಲು ತೆಗೆಯುವುದೇ ಅದನ್ನು.

ಜಗಳ ಶುರುವಾಗುವುದು ಇಲ್ಲಿಂದ. ಭಾರತದ ಅರೇಬಿಕಾ ಸಪ್ಪೆ, ಅದಕ್ಕೆ ಹುಳಿ ಸಾಲದು, ಲೋಟದಲ್ಲಿ ಏನೂ ಉಳಿಯುವುದಿಲ್ಲ ಎಂದು ತೀರ್ಪು ಕೊಡುವ ರುಚಿಗಾರರು ಈಗ ಹೆಚ್ಚಾಗಿದ್ದಾರೆ. ಯಾವುದರಲ್ಲಿ ಸೋಸಿ ಕುಡಿದಿರಿ ಎಂದು ಅವರನ್ನು ಕೇಳಬೇಕು. ಇರುವುದನ್ನು ಕಾಗದದಲ್ಲಿ ಬಿಟ್ಟು ಲೋಟದಲ್ಲಿ ಹುಡುಕುವುದು ವಿಮರ್ಶೆಯಲ್ಲ. ಒಂದು ನಾಡಿನ ಬೀಜಕ್ಕೆ ಒಪ್ಪುವ ಉಪಕರಣವನ್ನೇ ಎಲ್ಲ ಬೀಜಕ್ಕೂ ಅಳತೆಗೋಲು ಮಾಡಿ, ಅದಕ್ಕೆ ಹೊಂದದ ಬೀಜವನ್ನು ಕೀಳೆನ್ನುವ ಈ ಪದ್ಧತಿ ಚಿಕ್ಕಮಗಳೂರಿನ ಬೆಳೆಗಾರನಿಗೆ ಮಾಡುವ ಅನ್ಯಾಯ. ದೇಶದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲಿನ ಹತ್ತಿರ ಬೆಳೆಯುವ ರಾಜ್ಯದವರು ಈ ತೀರ್ಪನ್ನು ತಲೆಯಾಡಿಸಿ ಒಪ್ಪುವುದು ನನಗೆ ಸಹಿಸಲಾಗದ ಸಂಗತಿ.

ಹಾಗಂತ ಹಿತ್ತಾಳೆ ಫಿಲ್ಟರಿನ ಪರವಾಗಿ ವಾದಿಸುವವರ ಜೊತೆಗೂ ನಾನಿಲ್ಲ. ಅವರ ದಪ್ಪ ಡಿಕಾಕ್ಷನ್ನಿನ ಹೆಗ್ಗಳಿಕೆಯಲ್ಲಿ ಎಷ್ಟು ಪಾಲು ಚಿಕೋರಿಯದು? ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು ಎಂಬುದಷ್ಟೇ ಕಾನೂನು. ಉಳಿದದ್ದು ಚಿಕೋರಿ ಆಗಬಹುದು, ಪೊಟ್ಟಣದ ಮೇಲೆ ಬರೆದೂ ಇರುತ್ತದೆ. ಚಿಕೋರಿ ನೀರಿಗೆ ಕಾಫಿಗಿಂತ ಧಾರಾಳವಾಗಿ ಬಿಡುತ್ತದೆ, ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಅದರ ಕೀರ್ತಿಯನ್ನು ಹಿತ್ತಾಳೆಗೆ ಕೊಡುವುದೂ ಕಾಗದದ ಕೀರ್ತಿಯನ್ನು ಗಾಜಿಗೆ ಕೊಡುವುದೂ ಒಂದೇ ತಪ್ಪು. ಚಿಕೋರಿ ಇಲ್ಲದ ಪುಡಿಯನ್ನು ಅದೇ ಫಿಲ್ಟರಿಗೆ ಹಾಕಿ, ಹಾಲಿಲ್ಲದೆ ಕುಡಿದು ನೋಡಿದ ಮೇಲೆ ಈ ವಾದ ಮುಂದುವರಿಸಬಹುದು.

ಮನೆಯಲ್ಲಿ ಮಾಡುವ ವಿಧಾನಕ್ಕೆ ಬಂದರೆ, ಎರವಲು ಸೂಚನೆಗಳು ಇನ್ನೊಂದು ಕಡೆಯೂ ದಾರಿ ತಪ್ಪಿಸುತ್ತವೆ. ನೀರು ಕುದಿದ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿಯಿರಿ ಎನ್ನುತ್ತವೆ. ಅದು ಸಮುದ್ರಮಟ್ಟದ ಮಾತು. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97.5 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕೆಮೆಕ್ಸಿನ ಬಾಯಿಯೋ ಅಗಲ, ತೆಳುಗಾಜು ಶಾಖ ಹಿಡಿಯುವುದಿಲ್ಲ. ಆಷಾಢದ ಗಾಳಿ ಕಿಟಕಿಯಿಂದ ನುಗ್ಗುವಾಗ ಅರ್ಧ ನಿಮಿಷ ಕಾದರೆ ಪುಡಿಗೆ ತಗಲುವ ನೀರು ಅರೆಬಿಸಿ. ಇಲ್ಲಿ ಕಾಯಬಾರದು. 30 ಗ್ರಾಂ ಪುಡಿ, ಇಡ್ಲಿ ರವೆಯಷ್ಟು ತರಿ, 500 ಮಿಲಿ ನೀರು. ಮೊದಲು 60 ಮಿಲಿ ಸುರಿದು, ಹುರಿದ ಬೀಜದೊಳಗಿನ ಇಂಗಾಲದ ಡೈಆಕ್ಸೈಡ್ ಉಬ್ಬಿ ಹೊರಬೀಳುವತನಕ 40 ಸೆಕೆಂಡ್ ಬಿಡುವುದು, ಆಮೇಲೆ ಉಳಿದದ್ದನ್ನು ಸಣ್ಣ ಧಾರೆಯಲ್ಲಿ ಹಾಕುವುದು. ಮಳೆಗಾಲದಲ್ಲಿ ಗಿರಣಿಯಿಂದ ಪುಡಿ ಮಾಡಿಸಿ ತಂದಿಟ್ಟರೆ ಆ ಉಬ್ಬು ಬರುವುದೇ ಇಲ್ಲ, ಬೀಜ ತಂದು ಮನೆಯಲ್ಲೇ ಬೀಸಬೇಕು.

ಇನ್ನು ಕಾಗದದ ಜಾಗಕ್ಕೆ ಏನು? ನನ್ನ ಉತ್ತರ ಬಟ್ಟೆ. ನಮ್ಮ ಹಳೆಯ ಹೋಟೆಲುಗಳು ಕಾಫಿ ಸೋಸಿದ್ದು ಬಟ್ಟೆಯ ಚೀಲದಲ್ಲೇ, ಜಪಾನಿನಲ್ಲಿ ಫ್ಲಾನೆಲ್‌ನಲ್ಲಿ ಸೋಸುವವರು ಇವತ್ತೂ ಇದ್ದಾರೆ. ಬಟ್ಟೆ ಗಸಿಯನ್ನು ತಡೆದು ಎಣ್ಣೆಯಲ್ಲಿ ಒಂದು ಪಾಲನ್ನು ಬಿಡುತ್ತದೆ, ಎಸ್.795ರ ಮೈ ಉಳಿಯುತ್ತದೆ. ತಂತಿಯ ಬಳೆಗೆ ಹೊಲಿದ ಚೀಲವನ್ನು ಕೆಮೆಕ್ಸಿನ ಕತ್ತಿಗೆ ಇಳಿಬಿಟ್ಟರೆ ಅದು ಗೋಡೆಗೆ ಅಂಟುವುದಿಲ್ಲ, ಗಾಳಿಯ ತೊಡಕೂ ಇಲ್ಲ. ಗಾಜು ಬೇಡವೆನ್ನುವವರಿಗೆ ಖಾನಾಪುರ ದೂರವಿಲ್ಲ. ಹೆಂಚಿಗೆ, ಮಡಕೆಗೆ ಹೆಸರಾದ ಮಣ್ಣು ಅಲ್ಲಿದೆ, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಒಳಗೆ ಗೀರುಗಳಿರುವ ಒಂದು ಶಂಕು ತಿರುಗಿಸಿ ಮೆರುಗು ಹಚ್ಚಿ ಸುಡುವುದು ಕೈಪಳಗಿದ ಕುಂಬಾರರಿಗೆ ಕಷ್ಟದ ಕೆಲಸವಲ್ಲ. ಹೊಸ ಬಟ್ಟೆಯನ್ನು ಮೊದಲು ಕಾಫಿ ಚರಟದ ಜೊತೆ ಕುದಿಸಿ ಗಂಜಿ ತೆಗೆಯಬೇಕು. ಸಾಬೂನು ಮುಟ್ಟಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವ ಭರವಸೆ ಇಲ್ಲದ್ದರಿಂದ, ತೊಳೆದ ಚೀಲವನ್ನು ನೀರಿನ ಡಬ್ಬಿಯಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ದಿನಾ ನೀರು ಬದಲಿಸಬೇಕು.