ರಾಯಭಾರಿಯೇ ಬರೆದ ರಾಯಭಾರ

ಉದ್ಯೋಗಪರ್ವದಲ್ಲಿ ಕೃಷ್ಣನು ಹಸ್ತಿನಾವತಿಗೆ ಹೋಗಿಬಂದ ಕಥೆಯನ್ನು ನಮಗೆ ಹೇಳುವವನು ಕವಿ, ಕೃಷ್ಣನಲ್ಲ. ಆದುದರಿಂದಲೇ ಅಲ್ಲಿ ಕೌರವನ ಹಟಕ್ಕೂ ಮಾತುಂಟು, ವಿದುರನ ಮನೆಯ ಆತಿಥ್ಯಕ್ಕೂ ಎಡೆಯುಂಟು. ರಾಯಭಾರಿಯೇ ಲೇಖನಿ ಹಿಡಿದು ತನ್ನ ರಾಯಭಾರವನ್ನು ಬರೆಯಹೊರಟರೆ ಏನಾದೀತು? ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಒಬ್ಬರ ಹಿಂದೊಬ್ಬರಂತೆ ಅಮೆರಿಕದ ರಾಯಭಾರಿಗಳಾಗಿದ್ದ ಇಬ್ಬರ ಗ್ರಂಥಗಳನ್ನು ಓದುವಾಗ ಈ ಪ್ರಶ್ನೆ ಏಳದಿರದು.

1958ರ ಸೆಪ್ಟೆಂಬರ್ 28ರ ಜನಮತಗಣನೆಯಲ್ಲಿ, ಸಹರಾದ ದಕ್ಷಿಣಕ್ಕಿದ್ದ ಫ್ರೆಂಚ್ ವಸಾಹತುಗಳ ಪೈಕಿ ಗಿನಿಯೊಂದೇ ದಗಾಲರ ಸಂವಿಧಾನವನ್ನು ಬೇಡವೆಂದಿತು. ಅಕ್ಟೋಬರ್ 2ರಂದು ಸ್ವತಂತ್ರವಾಯಿತು. ಮುನಿದ ಫ್ರಾನ್ಸ್ ತನ್ನ ಅಧಿಕಾರಿಗಳನ್ನೂ ನೆರವನ್ನೂ ಹಿಂದಕ್ಕೆ ತೆಗೆದುಕೊಂಡಿತು. ಬರಿಗೈಯಲ್ಲಿ ನಿಂತ ಅಧ್ಯಕ್ಷ ಸೆಕು ಟೂರೆಗೆ ರಷ್ಯದ ಬಣ ಬೇಗನೆ ಕೈನೀಡಿತು. ಅಮೆರಿಕದ ಪ್ರಥಮ ರಾಯಭಾರಿ ಜಾನ್ ಮಾರೋ ರಾಜಧಾನಿ ಕೊನಾಕ್ರಿಗೆ ಬಂದುದು 1959ರ ಜುಲೈಯಲ್ಲಿ.

ಮಾರೋ ಕಸಬಿನ ರಾಜತಂತ್ರಜ್ಞರಲ್ಲ. ಉತ್ತರ ಕೆರೊಲಿನದ ಕಾಲೇಜೊಂದರಲ್ಲಿ ಫ್ರೆಂಚ್ ಬೋಧಿಸುತ್ತಿದ್ದ, ಆಫ್ರಿಕದ ಮೂಲದ ಮೇಷ್ಟರು. 1968ರಲ್ಲಿ ಪ್ರಕಟವಾದ ಅವರ ‘ಫಸ್ಟ್ ಅಮೆರಿಕನ್ ಅಂಬಾಸಡರ್ ಟು ಗಿನಿ’ ಗ್ರಂಥದ ಸ್ವಾರಸ್ಯವಿರುವುದು ಅದರ ಅಸಮಾಧಾನದಲ್ಲಿ. ಫ್ರಾನ್ಸಿನ ಮನಸ್ಸು ನೋಯಬಾರದೆಂದು ತಮ್ಮ ಸರ್ಕಾರವೇ ಹಿಂದೆಮುಂದೆ ನೋಡಿತೆಂಬ ಕೊರಗನ್ನು ಅವರು ಮುಚ್ಚಿಡುವುದಿಲ್ಲ. ಶೈಲಿ ಸಪ್ಪೆಯೆನಿಸಬಹುದು, ಪ್ರಾಮಾಣಿಕತೆ ಸಪ್ಪೆಯಲ್ಲ.

1961ರಲ್ಲಿ ಅವರ ಸ್ಥಾನಕ್ಕೆ ಬಂದ ವಿಲಿಯಂ ಅಟ್‌ವುಡ್ ಪತ್ರಕರ್ತರು. ಮುಂದೆ ಕೆನ್ಯದಲ್ಲಿಯೂ ರಾಯಭಾರಿಯಾದವರು. ಎರಡೂ ದೇಶಗಳ ಅನುಭವ ಅವರ ‘ದಿ ರೆಡ್ಸ್ ಅಂಡ್ ದಿ ಬ್ಲ್ಯಾಕ್ಸ್’ (1967) ಪುಸ್ತಕದಲ್ಲಿದೆ. ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸು ಬಾರದಂಥ ಬರವಣಿಗೆ. 1961ರ ಡಿಸೆಂಬರಿನಲ್ಲಿ ಗಿನಿ ರಷ್ಯದ ರಾಯಭಾರಿ ಸೊಲೊದರನ್ನು ಹೊರಗೆ ಕಳುಹಿಸಿತು. 1962ರ ಅಕ್ಟೋಬರಿನಲ್ಲಿ, ಕ್ಯೂಬದ ಬಿಕ್ಕಟ್ಟಿನ ವೇಳೆ, ರಷ್ಯನ್ನರ ನೆರವಿನಿಂದಲೇ ಬೆಳೆದ ಕೊನಾಕ್ರಿ ವಿಮಾನ ನಿಲ್ದಾಣದಲ್ಲಿ ಅವರ ವಿಮಾನಗಳಿಗೆ ಇಳಿಯಲು ಅನುಮತಿ ನಿರಾಕರಿಸಿತು. ಪಗಡೆಯಾಟದ ಉತ್ಸಾಹ ಇಲ್ಲಿದೆ. ಆದರೆ ಪಗಡೆಯ ಹಾಸಿಗೆ ತನ್ನದೊಂದು ಬದುಕುಂಟೆಂಬುದನ್ನು ಆಟಗಾರ ನೆನೆಯುವುದುಂಟೆ? ಶೀರ್ಷಿಕೆಯೇ ಮನುಷ್ಯರನ್ನು ಕಾಯಿಗಳ ಬಣ್ಣಕ್ಕೆ ಇಳಿಸಿಬಿಟ್ಟಿದೆ.

ಸೊಲೊದರ ನಿರ್ಗಮನವನ್ನೇ ನೋಡೋಣ. ಆಟದ ಲೆಕ್ಕದಲ್ಲಿ ಅದು ರಷ್ಯಕ್ಕೆ ಸೋಲು, ಅಮೆರಿಕಕ್ಕೆ ಗೆಲುವು. ಗಿನಿಯ ಜನರ ಲೆಕ್ಕದಲ್ಲಿ ಅದೇ ಘಟನೆಗೆ ‘ಉಪಾಧ್ಯಾಯರ ಪಿತೂರಿ’ ಎಂದು ಹೆಸರು. ಸಂಬಳದ ಬೇಡಿಕೆ ಮುಂದಿಟ್ಟ ಉಪಾಧ್ಯಾಯರ ಸಂಘದ ಮುಖಂಡರು ಸೆರೆಮನೆ ಸೇರಿದರು, ವಿದ್ಯಾರ್ಥಿಗಳು ಬೀದಿಗಿಳಿದರು. ಇದರ ಹಿಂದೆ ರಷ್ಯದ ಕೈವಾಡವಿದೆಯೆಂದು ಆಪಾದಿಸಿಯೇ ಸೊಲೊದರನ್ನು ಕಳುಹಿಸಿದ್ದು. ಸೆರೆಯಾದವರಲ್ಲಿ ಜಿಬ್ರಿಲ್ ತಮ್ಸೀರ್ ನಿಯಾನ್ ಎಂಬ ತರುಣ ಇತಿಹಾಸಕಾರರೂ ಒಬ್ಬರು. ಮುಂದೆ ಅವರು ದೇಶವನ್ನೇ ಬಿಡಬೇಕಾಯಿತು.

ಈ ನಿಯಾನ್ ಯಾರು? ವಂಶಪಾರಂಪರ್ಯದ ಹಾಡುಗಾರರಾದ ಗ್ರಿಯೋಗಳಲ್ಲೊಬ್ಬನ ಬಾಯಿಂದ ಮಾಲಿ ಸಾಮ್ರಾಜ್ಯದ ಸ್ಥಾಪಕ ಸುಂಜಾತನ ಮಹಾಕಥೆಯನ್ನು ಕೇಳಿ, 1960ರಲ್ಲಿ ಫ್ರೆಂಚ್ ಗದ್ಯಕ್ಕೆ ತಂದವರು. ಆ ಕಥೆಯಲ್ಲಿಯೂ ಒಂದು ರಾಯಭಾರವಿದೆ! ಸುಂಜಾತನ ಗ್ರಿಯೋ ಬಲ್ಲಾ ಫಸೇಕೆಯನ್ನು ಸೊಸ್ಸೋ ದೊರೆ ಸುಮವೊರೊನ ಬಳಿಗೆ ದೂತನಾಗಿ ಕಳುಹಿಸುತ್ತಾರೆ. ದೊರೆ ಅವನನ್ನು ಅಲ್ಲಿಯೇ ಹಿಡಿದಿಟ್ಟುಕೊಳ್ಳುತ್ತಾನೆ. ಕೃಷ್ಣನನ್ನು ಕಟ್ಟಿಹಾಕಹೊರಟ ಕೌರವನ ನೆನಪು ಯಾವ ಕನ್ನಡಿಗನಿಗೆ ಬಾರದು? ದೂತನ ಕಥೆಯನ್ನು ಕವಿಯೇ ಹೇಳುವ ಪದ್ಧತಿ ಗಿನಿಗೂ ಹೊಸದಲ್ಲ. ಆ ಕಥೆಯನ್ನು ಬರೆದುಕೊಟ್ಟವರು ಸೆರೆಯಲ್ಲಿದ್ದರು. ಹೊರಗಿನ ಓದುಗನ ಕೈಗೆ ಬಂದುದು ದೂತರ ಪುಸ್ತಕ.

ರಾಯಭಾರಿಗಳ ಗ್ರಂಥಗಳು ಬೇಡವೆಂದಲ್ಲ. ಮಾರೋ ಇಲ್ಲದಿದ್ದರೆ ವಾಷಿಂಗ್ಟನ್ನಿನ ಹಿಂಜರಿಕೆಯ ಒಳಗು ಇಷ್ಟು ಸ್ಪಷ್ಟವಾಗಿ ನಮಗೆ ಕಾಣುತ್ತಿರಲಿಲ್ಲ. ಅಟ್‌ವುಡ್ ಇಲ್ಲದಿದ್ದರೆ ಆ ಶೀತಲ ಸಮರದ ಕಾವು ತಟ್ಟುತ್ತಿರಲಿಲ್ಲ. ಆದರೆ ಅವನ್ನು ಒಂದು ರಾಷ್ಟ್ರದ ಇತಿಹಾಸವೆಂದು ಓದಬಾರದು. ಆ ರಾಷ್ಟ್ರದ ಬಾಗಿಲಲ್ಲಿ ನಿಂತವರ ನೆನಪುಗಳೆಂದು ಓದಬೇಕು. ಪುಟ ತಿರುವುತ್ತ ಒಂದೇ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಈ ರಾಯಭಾರಿ ವಿದುರನ ಮನೆಗೆ ಹೋಗಿದ್ದನೆ, ಅಥವಾ ಆಸ್ಥಾನದಿಂದಲೇ ಹಿಂದಿರುಗಿದನೆ?