ಗೋಡೆ ಮ್ಯಾಲಿನ ಮಂದಿ

ದಲಿತ ವಿಮರ್ಶೆ ಎಂದ ಕೂಡಲೆ ನಾವು ಕಾದಂಬರಿ, ಕವಿತೆ, ಆತ್ಮಕಥನಗಳ ಕಡೆಗೆ ಹೊರಳುತ್ತೇವೆ. ವಚನಗಳನ್ನು ಮತ್ತೊಮ್ಮೆ ಓದುತ್ತೇವೆ, ನವ್ಯರನ್ನು ಪ್ರಶ್ನಿಸುತ್ತೇವೆ. ಆಗಬೇಕಾದ ಕೆಲಸವೇ ಅದು. ಆದರೆ ಯಾರೂ ಸಾಹಿತ್ಯವೆಂದು ಕರೆಯದ, ಹಾಗಾಗಿ ಯಾರ ವಿಮರ್ಶೆಗೂ ಸಿಗದ ಬರಹದ ಪ್ರಕಾರವೊಂದು ನಮ್ಮ ಉತ್ತರ ಕರ್ನಾಟಕದಲ್ಲಿ ಹುಲುಸಾಗಿ ಬೆಳೆದಿದೆ. ಅದು ಶಿಕ್ಷಣ ಸಂಸ್ಥೆಗಳ ಸ್ಮರಣ ಸಂಚಿಕೆ. ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಶತಮಾನೋತ್ಸವ, ಹೊಸ ಕಟ್ಟಡದ ಉದ್ಘಾಟನೆ, ಯಾವುದಾದರೂ ಒಂದು ನೆವ ಸಾಕು, ಆರ್ಟ್ ಪೇಪರಿನ ದಪ್ಪ ಪುಸ್ತಕ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ. ತಮ್ಮ ಫೋಟೋ ಎಲ್ಲೈತಿ ಅಂತ ನೋಡಿ ಕಪಾಟಿನಾಗ ಇಡತಾರ. ನಾನು ಇಂಥ ಹತ್ತಿಪ್ಪತ್ತು ಸಂಚಿಕೆಗಳನ್ನು ಕೂಡಿಹಾಕಿಕೊಂಡು ಒಂದು ಪಠ್ಯವೆಂಬಂತೆ ಓದಿದ್ದೇನೆ. ಈ ಲೇಖನ ಆ ಓದಿನಿಂದ ಹುಟ್ಟಿದ್ದು.

ನಾನು ಕಂಡ ಸಂಚಿಕೆಗಳಲ್ಲಿ ಪುಟಗಳ ಕ್ರಮ ಹೆಚ್ಚೂಕಡಿಮೆ ಒಂದೇ. ಮೊದಲು ಸ್ವಾಮಿಗಳ ಆಶೀರ್ವಚನ, ಆಮೇಲೆ ಮಂತ್ರಿಗಳ ಸಂದೇಶ, ಆಮೇಲೆ ಆಡಳಿತ ಮಂಡಳಿ. ಅಧ್ಯಕ್ಷರದು ಇಡೀ ಪುಟದ ಬಣ್ಣದ ಚಿತ್ರ, ಉಪಾಧ್ಯಕ್ಷ ಕಾರ್ಯದರ್ಶಿಗಳದು ಅರ್ಧ ಪುಟ, ನಿರ್ದೇಶಕರದು ಪುಟಕ್ಕೆ ಆರು. ನಂತರ ದಾನಿಗಳ ಪಟ್ಟಿ, ಕೊಟ್ಟ ಮೊತ್ತದ ಸಮೇತ. ಆಮೇಲೆ ಹೆಡ್‌ಮಾಸ್ತರರು, ಶಿಕ್ಷಕರು, ರ‍್ಯಾಂಕ್ ಬಂದ ಮಕ್ಕಳು. ಕಟ್ಟಕಡೆಗೆ ಬೋಧಕೇತರ ಸಿಬ್ಬಂದಿಯ ಒಂದು ಗುಂಪಿನ ಚಿತ್ರ. ಎಷ್ಟೋ ಸಲ ಅದರ ಕೆಳಗೆ ಹೆಸರುಗಳೇ ಇರುವುದಿಲ್ಲ. ಇಡೀ ಪುಸ್ತಕದಲ್ಲಿ ಜಾತಿ ಎಂಬ ಶಬ್ದ ಬರುವುದಿಲ್ಲ, ಬಂದರೂ 'ಜಾತಿ ಮತ ಭೇದವಿಲ್ಲದೆ' ಎಂಬ ಮಾತಿನಲ್ಲಿ ಮಾತ್ರ. ಆದರೆ ದೇಸಾಯಿ, ಪಾಟೀಲ, ಶೆಟ್ಟರ ಎಂದು ಶುರುವಾದ ಅಡ್ಡಹೆಸರುಗಳು ಹೇಗೆ ಇಳಿಯುತ್ತ ಇಳಿಯುತ್ತ ಕಡೆಯ ಪುಟಕ್ಕೆ ಬರುತ್ತವೆಂಬುದನ್ನು ನಮ್ಮೂರ ಯಾವ ಮುದುಕನಿಗೆ ಓದಿ ಹೇಳಿದರೂ ಅವನು ಅದೇ ಕ್ರಮದಲ್ಲಿ ಊರಿನ ಓಣಿಗಳನ್ನು ಎಣಿಸುತ್ತಾನೆ.

ನನ್ನೂರು ಹೊಳೆಮಣ್ಣೂರ, ರೋಣ ತಾಲೂಕು, ಮಲಪ್ರಭೆಯ ದಂಡೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವತನಕ ನಮ್ಮದು ಧಾರವಾಡ ಜಿಲ್ಲೆಯೇ ಆಗಿತ್ತು. ಹೊಳೆಆಲೂರಿನಲ್ಲಿ ರೈಲು ಹತ್ತಿ ಗದಗಕ್ಕೋ ಬಾಗಲಕೋಟೆಗೋ ಹೋಗುವುದು, ಅಲ್ಲಿಂದ ಮುಂದೆ ಹುಬ್ಬಳ್ಳಿ ಧಾರವಾಡ. ನಮ್ಮ ಕೇರಿಯಿಂದ ಯಾರಾದರೂ ಕಲಿತಿದ್ದರೆ ಹೀಗೆ ಹೋಗಿ ಕಲಿತವರೇ. ನಮ್ಮ ಮಂದಿಯ ಬಾಯಲ್ಲಿ ಎರಡು ಥರದ ಸಾಲಿ ಇವೆ: 'ಸರಕಾರಿ ಸಾಲಿ' ಮತ್ತು 'ಸಂಸ್ಥಾದ ಸಾಲಿ'. ಮೊದಲನೆಯದು ಯಾರದೂ ಅಲ್ಲ, ಹಂಗಾಗಿ ನಮ್ಮದೂ ಹೌದು. ಎರಡನೆಯದಕ್ಕೆ ಮಾಲೀಕರಿದ್ದಾರೆ.

ಆದರೆ ಸರಕಾರಿ ಸಾಲಿ ಕೂಡ ಮೊದಲಿನಿಂದ ನಮ್ಮದಾಗಿರಲಿಲ್ಲ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಒಬ್ಬ ಮಹಾರ ಹುಡುಗನ ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು. ಜುಲೈ 21ರ ಠರಾವಿನಲ್ಲಿ ಸರಕಾರ ಹೇಳಿದ್ದರ ಸಾರಾಂಶ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನ ಸಲುವಾಗಿ ಶಾಲೆಯನ್ನು ಉಳಿದವರೆಲ್ಲರಿಗೂ ನಿರುಪಯೋಗಿ ಮಾಡಿಕೊಳ್ಳುವುದು ಸಾಧ್ಯವಿಲ್ಲ. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲ ಪ್ರಜೆಗಳಿಗೂ ತೆರೆದಿರಬೇಕೆಂದು ಬರೆದರು. ಕಾಗದದ ಮೇಲೆ ನ್ಯಾಯ ಸಿಕ್ಕಿತು. ಶಾಲೆಯಲ್ಲಿ ಹುಡುಗನ ಪಕ್ಕ ಕೂಡುವವರು ಯಾರು ಎಂಬುದು ಬೇರೆ ಮಾತು.

ಈ ಕಡತವನ್ನು ಮೊದಲು ವಿಮರ್ಶಕನ ಕಣ್ಣಿನಿಂದ ಓದಿದವರು ಬಾಬಾಸಾಹೇಬರು. 1928ರ ಮೇ 29ರಂದು ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಸಲ್ಲಿಸಿದ ಶಿಕ್ಷಣದ ಹೇಳಿಕೆಯಲ್ಲಿ ಅವರು ಧಾರವಾಡದ ಈ ಹುಡುಗನನ್ನು ಎಳೆದು ತಂದು ನಿಲ್ಲಿಸುತ್ತಾರೆ. ಅವರು ಉದ್ಧರಿಸಿದ ಠರಾವಿನಲ್ಲಿ ಹುಡುಗನ ಹೆಸರಿಲ್ಲ. ಸರಕಾರದ ಭಾಷೆಯಲ್ಲಿ ಅವನೊಬ್ಬ 'ಅರ್ಜಿದಾರ' ಮಾತ್ರ. ಅಂಬೇಡ್ಕರ್ ಅಲ್ಲಿ ಮಾಡುವುದು ಕರುಣೆಯ ಕಥನವನ್ನಲ್ಲ. ಆಡಳಿತದ ವಾಕ್ಯಗಳನ್ನು ಒಂದೊಂದಾಗಿ ಬಿಚ್ಚಿ, ಶಿಕ್ಷಣದ ಹಣ ಎಲ್ಲಿಂದ ಬಂತು, ಯಾರ ಮಕ್ಕಳಿಗೆ ಹೋಯಿತು ಎಂದು ಲೆಕ್ಕ ಕೇಳುತ್ತಾರೆ. ಅದೇ ವರ್ಷ ಅವರು ಡಿಪ್ರೆಸ್ಡ್ ಕ್ಲಾಸಸ್ ಎಜ್ಯುಕೇಶನ್ ಸೊಸಾಯಿಟಿ ಸ್ಥಾಪಿಸಿದರು. ಅದರ ವಿದ್ಯಾರ್ಥಿ ನಿಲಯಗಳಲ್ಲಿ ಒಂದು ಧಾರವಾಡದಲ್ಲಿಯೇ ಶುರುವಾಯಿತು. 1856ರ ಬಾಗಿಲು 1928ರಲ್ಲಿ ಅವರ ಕಣ್ಣಮುಂದೆ ಇತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಎರಡು ವರ್ಷಗಳ ನಡುವೆ ನಮ್ಮ ಭಾಗದ ದೊಡ್ಡ ಸಂಸ್ಥೆಗಳು ಹುಟ್ಟಿದವು. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ, ವಿಜಾಪುರದಲ್ಲಿ ಬಿ.ಎಲ್.ಡಿ.ಇ. 1910ರಲ್ಲಿ, ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿ 1916ರಲ್ಲಿ. ಇವುಗಳ ಹಿಂದೆ ಬ್ರಾಹ್ಮಣೇತರ ಚಳವಳಿಯ ಬಿಸಿ ಇತ್ತು. ಶಾಲೆಯ ಮತ್ತು ಕಚೇರಿಯ ಕುರ್ಚಿಗಳು ಒಂದೇ ಜಾತಿಯ ಕೈಯಲ್ಲಿದ್ದಾಗ ಅದನ್ನು ಮುರಿಯಲು ಹೊರಟವರು ಇವರು. ಕೆ.ಎಲ್.ಇ. ಕಟ್ಟಿದ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಜನ ಕಲಿತ ತರುಣರು. ಬೇರೆ ಕಡೆ ದೊಡ್ಡ ಪಗಾರದ ನೌಕರಿ ಹಿಡಿಯಬಹುದಾಗಿದ್ದವರು ಒಂದು ಶಾಲೆಗೆ ತಮ್ಮನ್ನು ಕೊಟ್ಟುಕೊಂಡರು. ಅದನ್ನು ಅಲ್ಲಗಳೆಯುವ ದುರುದ್ದೇಶ ನನಗಿಲ್ಲ. ಆ ಒಂದು ಶಾಲೆ ಇವತ್ತು ನೂರಾರು ಸಂಸ್ಥೆಗಳ ಜಾಲವಾಗಿದೆ.

ಆದರೆ ಈ ಏಳು ಜನರನ್ನು ಸಂಸ್ಥೆಯ ಇತಿಹಾಸ 'ಸಪ್ತರ್ಷಿಗಳು' ಎಂದು ಕರೆಯುತ್ತದೆ. ಬಸವಣ್ಣನ ವಚನಗಳನ್ನು ಸಂಪಾದಿಸಿದ ಬಸವನಾಳರಿಗೆ ಈ ವೈದಿಕ ಬಿರುದು ಹಿಡಿಸುತ್ತಿತ್ತೋ ಇಲ್ಲವೋ, ದಲಿತ ಓದುಗನಿಗಂತೂ ಋಷಿ ಅಂದಾಕ್ಷಣ ನೆನಪಾಗುವವನು ಶಂಬೂಕ. ಮಾಸ್ತರಿಕೆ ಮಾಡಿದವರನ್ನು ಮಾಸ್ತರರೆಂದೇ ಉಳಿಸಿಕೊಳ್ಳದೆ ಋಷಿ ಮಾಡಿದರೆ ಅವರನ್ನು ಕೈಮುಗಿದು ಗೋಡೆಗೆ ತೂಗಹಾಕಬಹುದು, ಪ್ರಶ್ನೆ ಕೇಳುವಂತಿಲ್ಲ. ಕೇಳಬೇಕಾದ ಪ್ರಶ್ನೆ ಇದು: ಒಂದು ಯಜಮಾನಿಕೆಯನ್ನು ಮುರಿಯಲು ಹುಟ್ಟಿದ ಸಂಸ್ಥೆಗಳು ತಮ್ಮ ಹೆಸರಿನಲ್ಲಿಯೇ ಒಂದು ಸಮುದಾಯವನ್ನು ಬರೆದುಕೊಂಡವು. ಆಗ ಅದು ಹೋರಾಟದ ಗುರುತು. ಹೋರಾಟ ಗೆದ್ದ ಮೇಲೆ ಅದು ಏನಾಯಿತು? ಇನ್ನೊಂದು ಸಂಗತಿ. ಮಾಸ್ತರರು ಕಟ್ಟಿದ ಇಂಥ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಬರಬರುತ್ತ ಮಾಸ್ತರರು ಕಡಿಮೆಯಾಗಿ ವ್ಯಾಪಾರಿಗಳು, ಜಮೀನುದಾರರು, ರಾಜಕಾರಣಿಗಳು ಹೆಚ್ಚಾದರು. ಸ್ಮರಣ ಸಂಚಿಕೆಗಳ ಚಿತ್ರಗಳನ್ನು ವರ್ಷದ ಪ್ರಕಾರ ಹಚ್ಚಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಸ್ಮರಣ ಸಂಚಿಕೆಯ ಪ್ರೀತಿಯ ಶಬ್ದಗಳು ದಾನ, ತ್ಯಾಗ, ದಾಸೋಹ. ಅಲ್ಲಿ ಸಿಗದ ಶಬ್ದ ಅನುದಾನ. ಸಿಕ್ಕರೂ 'ಸರಕಾರದ ಅನುದಾನ ಸಕಾಲದಲ್ಲಿ ಬಾರದೆ ತೊಂದರೆಯಾಗಿದೆ' ಎಂಬ ದೂರಿನ ರೂಪದಲ್ಲಿ ಸಿಗುತ್ತದೆ. ದಾನಿ ಕೊಟ್ಟ ಐದು ಸಾವಿರಕ್ಕೆ ಅಮೃತಶಿಲೆಯ ಹಲಗೆ ಇದೆ. ತಿಂಗಳಾ ತಿಂಗಳಾ ಶಿಕ್ಷಕರ ಪಗಾರ ಕೊಟ್ಟ ಬೊಕ್ಕಸಕ್ಕೆ ಹಲಗೆ ಇಲ್ಲ. ಆ ಬೊಕ್ಕಸದಲ್ಲಿ ಹೊಳೆಮಣ್ಣೂರಿನ ಕೂಲಿಯವಳು ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ತೆರಿಗೆಯೂ ಇದೆ. ಅನುದಾನಿತ ಶಾಲೆಯೆಂದರೆ ಹಣ ಎಲ್ಲರದು, ನೇಮಕದ ಅಧಿಕಾರ ಕೆಲವರದು ಎಂಬ ಏರ್ಪಾಡು. ನಾವು ಹುಡುಗರಿಗೆ ಸೀಟು ಕೇಳುತ್ತ ಬಂದೆವು, ಕೇಳಲೇಬೇಕಿತ್ತು. ಮಂಡಳಿಯ ಮೇಜಿನ ಆಚೆ ಕುಳಿತವರು ಯಾರು ಎಂದು ಕೇಳಲಿಲ್ಲ.

ಆ ಮೇಜನ್ನು ನಾನೊಮ್ಮೆ ಹತ್ತಿರದಿಂದ ಕಂಡಿದ್ದೇನೆ. ಹೆಸರು ಬೇಡ, ಒಂದು ನಗರದ ಒಂದು ಸಂಸ್ಥೆ. ಸಂದರ್ಶನಕ್ಕೆ ಕುಳಿತ ಐದು ಜನರಲ್ಲಿ ಇಬ್ಬರು ವಿಷಯದ ಬಗ್ಗೆ ಕೇಳಿದರು. ಮೂರನೆಯವರು, ಬಹಳ ಸಜ್ಜನರೇ, ನಕ್ಕೊಂತ ಕೇಳಿದರು: 'ಹೊಳೆಮಣ್ಣೂರಂದ್ರ, ಯಾರ ಪೈಕಿರೀ? ಯಾವ ಮಠದ ಕಡೆಯವರು?' ಜಾತಿ ಕೇಳಲಿಲ್ಲ ಅವರು. ಮಠವಿಲ್ಲದವನಿಗೆ ಆ ಪ್ರಶ್ನೆಗೆ ಉತ್ತರವಿರಲಿಲ್ಲ, ಅದೇ ಉತ್ತರವೂ ಆಯಿತು.

ಸರಕಾರ ಮನಸ್ಸು ಮಾಡಿದರೆ ಅನುದಾನವೇ ಅಂಕುಶ. 1923ರಲ್ಲಿ ಮುಂಬಯಿ ಸರಕಾರ, ಅಸ್ಪೃಶ್ಯರ ಮಕ್ಕಳನ್ನು ಸೇರಿಸಿಕೊಳ್ಳದ ಅನುದಾನಿತ ಸಂಸ್ಥೆಗಳಿಗೆ ಅನುದಾನವಿಲ್ಲವೆಂದು ಠರಾವು ಮಾಡಿತ್ತು. ಒಳಗೆ ಬಿಡಿ ಎನ್ನುವ ಮಟ್ಟಿಗೆ ಅಂಕುಶ ಹಾಕಿದ ಸರಕಾರಗಳು ಆಡಳಿತದಲ್ಲಿ ಪಾಲು ಕೊಡಿ ಎಂಬ ಮಾತಿಗೆ ಬರಲಿಲ್ಲ.

ಇಂಥದೇ ಏರ್ಪಾಡು ಬೇರೊಂದು ಹೆಸರಿನಲ್ಲಿ ಅಮೆರಿಕದಲ್ಲಿದೆ. ಅಲ್ಲಿ 'ಚಾರ್ಟರ್' ಶಾಲೆಗಳೆಂದು ಕರೆಯುತ್ತಾರೆ: ಹಣ ಸರಕಾರದ್ದು, ನಡೆಸುವವರು ಖಾಸಗಿ ಮಂಡಳಿಯವರು. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು. ಆಮೇಲೆ ದೊಡ್ಡ ಶಹರಗಳ ಬಡ ಕರಿಯರ ಓಣಿಗಳಲ್ಲಿ ಇಂಥ ಶಾಲೆಗಳ ಜಾಲಗಳೇ ಬೆಳೆದವು. ಅವುಗಳಲ್ಲಿ ಪ್ರಸಿದ್ಧವಾದ 'ಕಿಪ್' ಜಾಲವನ್ನು 1994ರಲ್ಲಿ ಹ್ಯೂಸ್ಟನ್ನಿನಲ್ಲಿ ಇಬ್ಬರು ಬಿಳಿಯ ತರುಣ ಶಿಕ್ಷಕರು ಶುರು ಮಾಡಿದರು. ಮಕ್ಕಳು ಬಹುಪಾಲು ಕರಿಯರು ಮತ್ತು ಲ್ಯಾಟಿನೊ ಮೂಲದವರು. ಮೈಮುರಿದು ದುಡಿ, ಒಳ್ಳೆಯವನಾಗಿರು ಎಂಬ ಅರ್ಥದ ಘೋಷಣೆಯನ್ನು ಆ ಶಾಲೆಗಳು ವರ್ಷಗಟ್ಟಲೆ ಎತ್ತಿ ಹಿಡಿದಿದ್ದವು. 2020ರಲ್ಲಿ ಕರಿಯರ ಪ್ರತಿಭಟನೆ ಅಮೆರಿಕದ ತುಂಬ ಎದ್ದಾಗ ಅದೇ ಜಾಲ ಆ ಘೋಷಣೆಯನ್ನು ಕೈಬಿಟ್ಟಿತು. ಜನಾಂಗಭೇದದ ವ್ಯವಸ್ಥೆಯನ್ನು ಅದು ಮರೆಮಾಡುತ್ತದೆಂದು ಒಪ್ಪಿಕೊಂಡಿತು. 'ಒಳ್ಳೆಯವನಾಗಿರು' ಎಂಬ ಮಾತನ್ನು ನಾವೂ ಕೇಳಿ ಬಲ್ಲೆವು. ಪುಗಸಟ್ಟೆ ಕಲೀತಿ, ಸುಮ್ಮನ ಕುಂದ್ರು ಅಂತ ನಮ್ಮ ಕಡೆ ಅದರ ಅನುವಾದ.

2016ರಲ್ಲಿ ಕರಿಯರ ಹಳೆಯ ಸಂಘಟನೆ ಎನ್‌.ಎ.ಎ.ಸಿ.ಪಿ., ಈ ಶಾಲೆಗಳ ವಿಸ್ತರಣೆಯನ್ನು ತಡೆಯಿರಿ, ಸರಕಾರಿ ಶಾಲೆಗಿರುವ ಲೆಕ್ಕ ಒಪ್ಪಿಸುವ ಹೊಣೆ ಇವಕ್ಕೂ ಇರಲಿ ಎಂದು ಠರಾವು ಮಾಡಿತು. ಹಾಗೆಂದು ಎಲ್ಲ ಕರಿಯರೂ ಇದನ್ನು ಒಪ್ಪಲಿಲ್ಲ. ನಮ್ಮ ಮಕ್ಕಳು ಅಲ್ಲೇ ಕಲಿಯಲಿ ಎಂದ ಕರಿಯ ತಾಯಂದಿರು ಬೀದಿಗಿಳಿದು ಅದನ್ನು ವಿರೋಧಿಸಿದರು. ಈ ಭಿನ್ನಾಭಿಪ್ರಾಯ ನನಗೆ ಮುಖ್ಯವಾಗಿ ಕಾಣುತ್ತದೆ. ಕೇರಿಯ ತಾಯಿ ತನ್ನ ಮಗನನ್ನು ಇಂಗ್ಲಿಷ್ ಸಾಲಿಗೆ ಹಾಕಲು ಸಾಲ ಮಾಡಿದರೆ ಅವಳಿಗೆ ಉಪದೇಶ ಹೇಳುವ ಹಕ್ಕು ಕನ್ನಡ ವಿಮರ್ಶಕರಿಗಿಲ್ಲ. ಉಪದೇಶ ಮಾಡುವ ಹೆಚ್ಚಿನವರ ಮಕ್ಕಳು ಎಲ್ಲಿ ಕಲಿಯುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತು.

ಆ ತಾಯಿಗೆ ನಮ್ಮ ಕಾನೂನು ಏನು ಕೊಟ್ಟಿದೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಒಂದನೇ ತರಗತಿಯಲ್ಲಿ ಶೇಕಡಾ 25 ಸೀಟುಗಳನ್ನು ಬಡ ಮತ್ತು ದುರ್ಬಲ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕ ಸರಕಾರ 2019ರ ಜನವರಿಯಲ್ಲಿ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಾಗಿಲ್ಲವೆಂದಿತು. ಅದೇ ವರ್ಷ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಬಾಗಿಲು ಅರ್ಧ ತೆರೆದು ಮುಚ್ಚಿತು. ಇದರ ಬಗ್ಗೆ ಸ್ವಲ್ಪ ಗದ್ದಲವಾದರೂ ಆಯಿತು. ಅದೇ ಕಾಯ್ದೆಯ 21ನೇ ಕಲಮಿನ ಬಗ್ಗೆ ಯಾರೂ ಮಾತಾಡಿದ್ದಿಲ್ಲ. ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳಾಗಿರಬೇಕು, ದುರ್ಬಲ ವರ್ಗದ ಪಾಲಕರಿಗೆ ಅವರ ಪ್ರಮಾಣದಲ್ಲಿ ಜಾಗ ಇರಬೇಕು, ಅರ್ಧ ಹೆಂಗಸರಿರಬೇಕು ಎನ್ನುತ್ತದೆ ಅದು. ಆದರೆ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ.

ಹೊಳೆಮಣ್ಣೂರಿನಂಥ ಊರಿನ ಸರಕಾರಿ ಸಾಲಿಯ ಎಸ್‌.ಡಿ.ಎಂ.ಸಿ.ಯಲ್ಲಿ ಕೇರಿಯ ಹೆಣ್ಣುಮಗಳೊಬ್ಬಳು ಕೂಡಲೇಬೇಕು. ಅವಳ ಮುಂದಿರುವ ಅಧಿಕಾರವೇನು? ಬಿಸಿಯೂಟದ ಅಕ್ಕಿ, ಸೋರುವ ಮಾಳಿಗೆ, 2009ರಲ್ಲೂ 2019ರಲ್ಲೂ ಮಲಪ್ರಭೆ ಊರೊಳಗೆ ಬಂದು ಹೋದಮೇಲಿನ ರಾಡಿ. ಮಾಸ್ತರರನ್ನು ನೇಮಿಸುವ, ಹಣ ಕೂಡಿಡುವ, ಹೊಸ ಕಾಲೇಜು ತೆಗೆಯುವ ಅಧಿಕಾರವೆಲ್ಲ ಇರುವುದು ಶಹರದ ಮಂಡಳಿಗಳಲ್ಲಿ, ಅಲ್ಲಿ ಅವಳು ಕೂಡಬೇಕೆಂಬ ಕಾನೂನಿಲ್ಲ.

ಮಾಲಗತ್ತಿಯವರು 1994ರಲ್ಲಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ದಲಿತರನ್ನು ಹಂಗಿಸುವ ಮಾತನ್ನೇ ತಲೆಬರಹ ಮಾಡಿದ ಧೈರ್ಯ ಅದು. ಎಲ್ಲರೂ ಅದರಲ್ಲಿಯ 'ಬ್ರಾಹ್ಮಣ' ಶಬ್ದದ ವ್ಯಂಗ್ಯವನ್ನು ಚರ್ಚಿಸಿದ್ದಾರೆ. ನಾನೀಗ 'ಗೌರ್ಮೆಂಟ್' ಎಂಬ ಶಬ್ದವನ್ನು ಗಮನಿಸುತ್ತಿದ್ದೇನೆ. ಗೌರ್ಮೆಂಟು ಶಾಲೆಯಿಂದ ಹಿಂದೆ ಸರಿದಷ್ಟೂ ನಮಗೆ ಹಂಗಿಸಲಿಕ್ಕೂ ಒಂದು ಹೆಸರು ಉಳಿಯುವುದಿಲ್ಲ.

ಮಂಡಳಿಗೊಬ್ಬ ದಲಿತನನ್ನು ಸೇರಿಸಿ ಬಣ್ಣದ ಫೋಟೋ ಹಾಕಿದರೆ ಆಯಿತೇ ಎಂದು ಗೆಳೆಯರೊಬ್ಬರು ಕೇಳಿದರು. ಹಾಗೆ ಸೇರಿದವನು ಬೆಳ್ಳಿಹಬ್ಬದ ದಿನ ಹೂಮಾಲೆ ಹಾಕಿಸಿಕೊಳ್ಳಲಿಕ್ಕಷ್ಟೇ ಬೇಕಾಗುತ್ತಾನೆಂಬುದು ಅವರ ವಾದ. ಇರಬಹುದು. ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜ್ಯುಕೇಶನ್ ಸೊಸಾಯಿಟಿ ಕಟ್ಟಿ ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆಗೆದಾಗ ಬೇರೆಯವರ ಮಂಡಳಿಯಲ್ಲಿ ಒಂದು ಕುರ್ಚಿ ಕೇಳಲಿಲ್ಲ, ಎಲ್ಲ ಜಾತಿಯವರೂ ಕಲಿಯುವ, ಕಲಿಸುವ ಕಾಲೇಜಿನ ಮಂಡಳಿಯನ್ನು ತಾವೇ ಕಟ್ಟಿದರು. ನಮ್ಮಲ್ಲಿ ಅದಕ್ಕೆ ಬೇಕಾದ ಬಂಡವಾಳವಿಲ್ಲ ಎಂಬುದು ನಿಜ. ಆದರೆ ಅನುದಾನಿತ ಸಂಸ್ಥೆಗಳ ಬಂಡವಾಳದಲ್ಲಿ ನಮ್ಮದೂ ಇದೆಯಲ್ಲ.

ಆ ಲೆಕ್ಕ ಕೇಳಲು ಈಗ ಒಂದು ದಾರಿ ಇದೆ. ಸರಕಾರದಿಂದ ಗಣನೀಯವಾಗಿ ಹಣ ಪಡೆಯುವ ಶಾಲೆ ಕಾಲೇಜುಗಳು ಮಾಹಿತಿ ಹಕ್ಕಿನ ಕಾಯ್ದೆಗೆ ಒಳಪಡುತ್ತವೆಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರಿನಲ್ಲಿ ಹೇಳಿದೆ. ಈ ವಿಶೇಷಾಂಕ ಓದುವ ಗೆಳೆಯರು ತಮ್ಮ ತಮ್ಮ ಊರಿನ ಒಂದೊಂದು ಅನುದಾನಿತ ಸಂಸ್ಥೆಗೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಲಿ. ಸ್ಥಾಪನೆಯಿಂದ ಇವತ್ತಿನವರೆಗೆ ಆಡಳಿತ ಮಂಡಳಿಯಲ್ಲಿದ್ದವರ ಹೆಸರು, ಮಂಜೂರಾದ ಹುದ್ದೆಗಳು, ರೋಸ್ಟರ್ ವಹಿಯ ನಕಲು, ಬ್ಯಾಕ್‌ಲಾಗ್ ಹುದ್ದೆ ಎಷ್ಟು ವರ್ಷದಿಂದ ಖಾಲಿ ಇವೆ, ಇಷ್ಟು ಕೇಳಿದರೆ ಸಾಕು. ಬಂದ ಉತ್ತರಗಳನ್ನು, ಬಾರದ ಉತ್ತರಗಳನ್ನೂ, ಪತ್ರಿಕೆಗೆ ಕಳಿಸಿ. ಸಂಸ್ಥೆಯ ಸ್ಮರಣ ಸಂಚಿಕೆ ಸಿಕ್ಕರೆ ಅದರ ಕಡೆಯ ಪುಟವನ್ನೂ ಲಗತ್ತಿಸಿ, ಗುಂಪಿನ ಚಿತ್ರದಲ್ಲಿ ನಿಂತವರ ಹೆಸರು ಕೇಳಿ ಬರೆದುಕೊಂಡು.