ಶೆಟ್ಟಿಹಳ್ಳಿಯ ಸದ್ದು ಎಲ್ಲಿ ಹೋಯಿತು?

ಹಾಸನ ಸಮೀಪದ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ಚಿತ್ರದಲ್ಲಾದರೂ ನೋಡದವರು ವಿರಳ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ಈ ದೃಶ್ಯದ ವೀಡಿಯೋಗಳಿಗೆ ಜೋಡಿಸುವುದು ಹೆಚ್ಚಾಗಿ ಶೋಕದ ಪಿಟೀಲು, ಇಲ್ಲವೇ ಕೊಳಲು. ಕೇಳಲು ಇಂಪಾಗಿದೆ, ನಿಜ. ಆದರೆ ಅಲ್ಲೊಂದು ಊರಿತ್ತು, ಜನ ಮನೆ-ಹೊಲ ಬಿಟ್ಟು ಹೋದರು ಎಂಬುದನ್ನೇ ಆ ಇಂಪು ಮರೆಸಿಬಿಡುತ್ತದೆ.

ಈ ಊರಿನ ಕಥೆಗೆ ಅನಿಮೇಷನ್ ಕಿರುಚಿತ್ರವೇ ತಕ್ಕ ಮಾಧ್ಯಮ. ಕ್ಯಾಮರಾ ಈಗ ಉಳಿದಿರುವುದನ್ನಷ್ಟೇ ತೋರಿಸೀತು. ಮುಳುಗಿದ ಬೀದಿಯನ್ನು ಬರೆದೇ ತೋರಿಸಬೇಕು. ಸದ್ದಿನ ಪಾಡೂ ಅದೇ. ಬರೆದ ಎತ್ತಿಗೆ ಗೊರಸಿನ ಸಪ್ಪಳವಿರುವುದಿಲ್ಲ, ನಾವೇ ಹುಟ್ಟಿಸಬೇಕು.

ಇದಕ್ಕೆ ದೊಡ್ಡ ಸ್ಟುಡಿಯೋ ಬೇಕೇ? ನಮ್ಮ ತೊಗಲುಗೊಂಬೆಯಾಟದವರು ಪರದೆಯ ಹಿಂದೆಯೇ ಕೂತು ಮಾತು, ಹಾಡು, ಯುದ್ಧದ ಅಬ್ಬರ ಎಲ್ಲವನ್ನೂ ಹೊರಡಿಸಿದವರು. ಕೆನಡಾದಲ್ಲಿ ನೆಲೆಸಿದ ನಾರ್ಮನ್ ಮೆಕ್‌ಲಾರೆನ್ 1940ರ ‘ಡಾಟ್ಸ್’ ಚಿತ್ರದಲ್ಲಿ ಫಿಲ್ಮಿನ ಮೇಲೆ ನೇರವಾಗಿ ಗೀಟು ಬರೆದು ಸದ್ದು ಮಾಡಿದರು. ಎರಡು ತೆಂಗಿನ ಚಿಪ್ಪಿನಿಂದ ಕುದುರೆಯ ಓಟ ಕೇಳಿಸುವ ಉಪಾಯವಂತೂ ನಾಟಕ, ರೇಡಿಯೋ, ಸಿನಿಮಾ ಎಲ್ಲರಿಗೂ ಗೊತ್ತು. ಹಾಸನ ಜಿಲ್ಲೆಯಲ್ಲಿ ಚಿಪ್ಪಿಗೆ ಬರವೇ?

ರಾಗಿ ಬೀಸುವ ಸದ್ದಿಗೆ ಎರಡು ಒರಟು ಕಲ್ಲು ಉಜ್ಜಿದರಾಯಿತು. ನೀರು ಏರುತ್ತಿದೆ ಎನ್ನಲು ಬಿಂದಿಗೆ ತುಂಬಿಸಿ: ತುಂಬಿದಂತೆಲ್ಲ ಸ್ವರವೂ ಏರುತ್ತದೆ. ದೊಡ್ಡ ಗಂಟೆ ಇಲ್ಲವೇ? ಸಣ್ಣ ಗಂಟೆಯ ಧ್ವನಿಯನ್ನು ಅರ್ಧ ವೇಗದಲ್ಲಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿದು, ಅನುರಣನ ಎರಡರಷ್ಟು ಉದ್ದವಾಗುತ್ತದೆ. ಫ್ಯಾನ್ ಆರಿಸಿ, ಕಂಬಳಿ ಕಟ್ಟಿದ ಕೋಣೆಯಲ್ಲಿ ಮೊಬೈಲಿನಲ್ಲೇ ಮುದ್ರಿಸಬಹುದು. ಕಷ್ಟವಿರುವುದು ಹೊಂದಿಸುವುದರಲ್ಲಿ. ಸೆಕೆಂಡಿಗೆ 24 ಚಿತ್ರ ಓಡುವಾಗ ಹೆಜ್ಜೆಯ ಸದ್ದು ಮೂರ್ನಾಲ್ಕು ಚಿತ್ರದಷ್ಟು ಹಿಂದೆ ಬಿದ್ದರೂ ನೋಡುಗನಿಗೆ ಇರುಸುಮುರುಸು.

ಸಿದ್ಧ ಸದ್ದುಗಳ ಭಂಡಾರ ಕಂಪ್ಯೂಟರಿನಲ್ಲೇ ಸಿಗುವಾಗ ಈ ಪಾಡೇಕೆ ಎನ್ನುವವರಿದ್ದಾರೆ. ಅಲ್ಲಿ ಹಸುವಿನ ಗಂಟೆ ಸಿಗುತ್ತದೆ, ಆದರೆ ಅದು ಯಾವ ದೇಶದ ಹಸುವೋ! ಮುಳುಗಿದ ಊರಿನ ಸದ್ದನ್ನು ಇನ್ನು ಯಾರೂ ಹೋಗಿ ಮುದ್ರಿಸಿ ತರಲಾರರು. ಅದು ಉಳಿದಿದ್ದರೆ ಅಲ್ಲಿ ಬಾಳಿದ ಹಿರಿಯರ ಕಿವಿಯಲ್ಲಿ. ಬೀಸುವ ಕಲ್ಲಿನ ಸದ್ದನ್ನು ಅವರಿಗೆ ಕೇಳಿಸಿ, ‘ಹೀಗಿರಲಿಲ್ಲ’ ಎಂದರೆ ಮತ್ತೆ ಮಾಡಬೇಕು.

ಹಾಗೆಂದು ಚಲಿಸುವುದಕ್ಕೆಲ್ಲ ಸದ್ದು ತುಂಬಿದರೆ ಚಿತ್ರ ಸಂತೆಯಾಗುತ್ತದೆ. ನೀರು ಊರಿಗೆ ನುಗ್ಗುವ ದೃಶ್ಯಕ್ಕೆ ಪಿಟೀಲು ಬೇಡವೇ ಬೇಡ. ಮೊದಲು ಬೀಸುವ ಕಲ್ಲು ನಿಲ್ಲಲಿ, ಆಮೇಲೆ ಕೊರಳಗಂಟೆ, ಕೊನೆಗೆ ಹೆಜ್ಜೆಗಳು.